ಮಾಸಿಕ ಕೊಠಡಿ ಮೀಮಾಂಸೆ

ಯಾವುದೇ ಶಾಸ್ತ್ರವನ್ನು ಆರಂಭಿಸುವ ಮುನ್ನ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ನಿವೇದಿಸಬೇಕೆಂಬುದು ಹಿರಿಯರ ಕಟ್ಟಳೆ. ಅದನ್ನು ಮೀರುವ ಧೈರ್ಯ ಪ್ರಸ್ತುತ ಲೇಖಕನಿಗಿಲ್ಲ. ವಿಷಯ: ದೊಡ್ಡಾಸ್ಪತ್ರೆಗಳ ಮಗ್ಗುಲಲ್ಲಿ ತಿಂಗಳ ಲೆಕ್ಕಕ್ಕೆ ಸಿಗುವ, ‘ಹೋಟೆಲ್ ಶೈಲಿ’ಯದೆಂದು ತನ್ನನ್ನು ತಾನೇ ಕರೆದುಕೊಳ್ಳುವ ಕೊಠಡಿ. ಪ್ರಯೋಜನ: ಕೊಟ್ಟ ಅಡ್ವಾನ್ಸು ವಾಪಸು ಬರುವುದು. ಸಂಬಂಧ: ಸೋದರತ್ತೆ. ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹತೆ ಪಡೆದವನು: ಒಂದು ಕೈಯಲ್ಲಿ ಸ್ಕ್ಯಾನಿಂಗ್ ಕವರು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಬಕೆಟ್ಟು ಹಿಡಿದು ಹೊಸೂರು ರಸ್ತೆಯ ಬದಿಯಲ್ಲಿ ನಿಂತು, ಎದುರಿನ ಕಟ್ಟಡದ ಬೋರ್ಡುಗಳನ್ನು ಕೆಳಗಿನಿಂದ ಮೇಲಕ್ಕೆ ಓದಿದ ಯಾವನಾದರೂ.

ಮೊದಲು ಕ್ಷೇತ್ರಮಹಾತ್ಮೆ. ಬೆಂಗಳೂರಿನ ಡೈರಿ ಸರ್ಕಲ್ಲಿಗೂ ವಿಲ್ಸನ್ ಗಾರ್ಡನ್ನಿಗೂ ನಡುವೆ, ಕೂಗಳತೆಯಲ್ಲಿ, ಇಷ್ಟೊಂದು ದೊಡ್ಡಾಸ್ಪತ್ರೆಗಳು ನೆಲೆನಿಂತ ಜಾಗ ಇನ್ನೊಂದನ್ನು ನಾನು ಕಂಡಿಲ್ಲ. ಕ್ಯಾನ್ಸರಿಗೆ 1973ರಲ್ಲಿ ಶುರುವಾದ ಕಿದ್ವಾಯಿ. ಮನಸ್ಸಿಗೂ ನರಕ್ಕೂ ನಿಮ್ಹಾನ್ಸ್. ಹಳೆಯ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಕೂಡಿ ಆದದ್ದು. ಮಕ್ಕಳಿಗೆ ಇಂದಿರಾ ಗಾಂಧಿ, ಎಲುಬಿಗೆ ಸಂಜಯ ಗಾಂಧಿ, ಎದೆಗೂಡಿಗೆ ರಾಜೀವ್ ಗಾಂಧಿ: ಒಂದೇ ಮನೆತನದ ಮೂವರು ನಮ್ಮ ಕಾಯಿಲೆಗಳನ್ನು ಭಾಗ ಮಾಡಿಕೊಂಡು ಆಸುಪಾಸಿನಲ್ಲೇ ಕೂತಿದ್ದಾರೆ. ಕ್ಷೇತ್ರವಿದ್ದಲ್ಲಿ ಯಾತ್ರಿಕರು, ಯಾತ್ರಿಕರಿದ್ದಲ್ಲಿ ಛತ್ರ. ಗುಬ್ಬಿ ತೋಟದಪ್ಪನವರ ಛತ್ರ 1903ರಲ್ಲಿ ರೈಲ್ವೆ ಸ್ಟೇಷನ್ನಿನ ಹತ್ತಿರ ಬಾಗಿಲು ತೆರೆದಾಗ ಅದಕ್ಕೆ ಸೂರಿತ್ತು, ನೀರಿತ್ತು. ‘ಶೈಲಿ’ ಇತ್ತೆಂದು ಯಾರೂ ಹೇಳಿಕೊಂಡಂತಿಲ್ಲ. ಶೈಲಿ ಈಚಿನ ಪ್ರಕ್ಷೇಪ.

ಇನ್ನು ಲಕ್ಷಣ. ಲಕ್ಷಣವೊಂದಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳು ತಗಲಬಾರದೆಂದು ತಾರ್ಕಿಕರು ಎಚ್ಚರಿಸುತ್ತಾರೆ. ನಾವು ನೋಡಿದ ಬೋರ್ಡಿಗೆ ಮೂರೂ ತಗಲಿದ್ದವು. ಕನ್ನಡಿಗನ ಪಾಲಿಗೆ ಹೋಟೆಲು ಎಂದರೆ ತಿನ್ನುವ ಜಾಗ. ಮಲಗುವ ಜಾಗ ಲಾಡ್ಜು. ಆದ್ದರಿಂದ ‘ಹೋಟೆಲ್ ಶೈಲಿಯ ರೂಮು’ ಎಂದು ನಾನು ಓದಿ ಹೇಳಿದೊಡನೆ ಅತ್ತೆ, “ಹಂಗಂದ್ರೆ ಮಂಚದ ಪಕ್ಕ ಸಾಂಬಾರು ಬಕೆಟ್ ಇಟ್ಕೊಂಡು ನಿಂತಿರ್ತಾರೇನೋ?” ಅಂದರು. ಅಲ್ಲಿ ತಿನ್ನಲು ಏನೂ ಸಿಗುತ್ತಿರಲಿಲ್ಲ, ಇದು ಅವ್ಯಾಪ್ತಿ. ಆ ಬೀದಿಯ ಪೀಜಿ, ಲಾಡ್ಜು, ಮೂರನೇ ಮಹಡಿಯ ತಗಡಿನ ಕೋಣೆ ಎಲ್ಲಕ್ಕೂ ಅದೇ ವಿಶೇಷಣ ಅಂಟಿಸಿದ್ದರು, ಇದು ಅತಿವ್ಯಾಪ್ತಿ. ಅಸಂಭವಕ್ಕೆ ಉದಾಹರಣೆ ಬೋರ್ಡಿನ ಕೊನೆಯ ಸಾಲಿನಲ್ಲಿತ್ತು: ‘24 ಗಂಟೆ ಬಿಸಿನೀರು’.

ಅತ್ತೆ ತಿಪಟೂರು ಕಡೆಯವರು. ಗಂಟಲಿಗೆ ಕರೆಂಟು ಕೊಡಿಸಬೇಕಿತ್ತು. ರೇಡಿಯೇಷನ್ನಿಗೆ ನಮ್ಮ ಕಡೆಯ ಹೆಸರು ಅದೇ. ವಿದ್ಯುತ್ ಇಲಾಖೆಗೂ ಅದಕ್ಕೂ ಸಂಬಂಧವಿಲ್ಲ. ಡಾಕ್ಟರು 33 ಸಿಟ್ಟಿಂಗು ಬರೆದಿದ್ದರು. ವಾರಕ್ಕೆ ಐದೇ ದಿನ, ಸೋಮವಾರದಿಂದ ಶುಕ್ರವಾರ. ಒಂದು ಸಿಟ್ಟಿಂಗಿಗೆ ಮೇಜಿನ ಮೇಲೆ ಮಲಗುವುದು ಕೆಲವೇ ನಿಮಿಷ; ಆ ಕೆಲವು ನಿಮಿಷಕ್ಕಾಗಿ ಮಿಕ್ಕ ಇಡೀ ದಿನ ಎಲ್ಲಾದರೂ ಇರಬೇಕಲ್ಲ, ಆ ‘ಎಲ್ಲಾದರೂ’ ಎಂಬುದೇ ನಮ್ಮ ಪ್ರಮೇಯ.

ಈಗ ಕಾಲನಿರ್ಣಯ. ಪಂಚಾಂಗಕರ್ತರು ಚಾಂದ್ರಮಾನ, ಸೌರಮಾನ ಮೊದಲಾದ ಮಾಸಗಳನ್ನು ಹೇಳಿ ಸುಮ್ಮನಾಗಿದ್ದಾರೆ. ಕ್ಷೇತ್ರದಲ್ಲಿ ಇನ್ನೂ ಮೂರು ಚಾಲ್ತಿಯಲ್ಲಿವೆ. ಕೀಮೋಮಾಸ ಬಹುಪಾಲು 21 ದಿನಗಳದು. ಕರೆಂಟುಮಾಸಕ್ಕೆ ಶನಿವಾರ, ಭಾನುವಾರ ಇಲ್ಲವೇ ಇಲ್ಲ. ಮೂರನೆಯದು ಲಾಡ್ಜುಮಾಸ: ಮೊದಲ ದಿನ ನೀವು ರಾತ್ರಿ ಹತ್ತಕ್ಕೆ ಬಂದರೂ ಅದು ಪೂರ್ತಿ ದಿನ, ಮೂವತ್ತನೆಯ ದಿನ ಮಾತ್ರ ಮಧ್ಯಾಹ್ನ ಹನ್ನೆರಡಕ್ಕೇ ಸೂರ್ಯ ಮುಳುಗುತ್ತಾನೆ. ಹೀಗೆ ಲಾಡ್ಜುಮಾಸ ಇಪ್ಪತ್ತೆಂಟೂವರೆ ದಿನಕ್ಕೆ ಇಳಿದು ಚಾಂದ್ರಮಾನಕ್ಕಿಂತಲೂ ಗಿಡ್ಡವಾಗಿದೆ. 33 ಸಿಟ್ಟಿಂಗು ಎಂದರೆ ಆರು ವಾರ, ಮೂರು ದಿನ. ಸೋಮವಾರ ಶುರುವಾದರೆ ಏಳನೆಯ ವಾರದ ಬುಧವಾರಕ್ಕೆ ಮುಗಿಯಬೇಕು, ಒಟ್ಟು 45 ದಿನ; ನಡುವೆ ಹಬ್ಬದ ರಜೆ ಬಾರದಿದ್ದರೆ, ಯಂತ್ರಕ್ಕೂ ಕಾಯಿಲೆ ಬಾರದಿದ್ದರೆ.

ಮ್ಯಾನೇಜರು ಹೇಳಿದ ಬಾಡಿಗೆ ತಿಂಗಳಿಗೆ 27,000. ದಿನದ ರೇಟು 1,500. “ಮಿಕ್ಕ ಹದಿನೈದು ದಿನಕ್ಕೆ?” ಅಂದೆ. “ದಿನದ ಲೆಕ್ಕ ಆಗುತ್ತೆ ಸಾರ್, 22,500. ಅದ್ರ ಬದಲು ಇನ್ನೊಂದು 4,500 ಹಾಕಿ ತಿಂಗಳೇ ತಗೊಂಬಿಡಿ, ನಿಮಗೇ ಲಾಭ.” ಪಂಚಾಂಗದಲ್ಲಿ ಅಧಿಕಮಾಸ ಬರುವುದು ಸುಮಾರು ಮೂರು ವರ್ಷಕ್ಕೊಮ್ಮೆ. ಇಲ್ಲಿ ರೋಗಿಗೊಂದರಂತೆ ಬರುತ್ತದೆ, ಅದೂ ಲಾಭದ ರೂಪದಲ್ಲಿ.

ಈ ಕೊಠಡಿ ಮನೆಯೋ ಲಾಡ್ಜೋ ಎಂಬ ಸಂಶಯ ನನ್ನೊಬ್ಬನದಲ್ಲ. ದೊಡ್ಡದೊಡ್ಡವರೂ ಇದರಲ್ಲಿ ಕೈ ಸುಟ್ಟುಕೊಂಡಿದ್ದಾರೆ. ಹಾಸ್ಟೆಲಿಗೆಂದು ಬಾಡಿಗೆಗೆ ಕೊಟ್ಟ ಕಟ್ಟಡವೂ ವಾಸದ ಮನೆಯೇ ಎಂದು 2022ರಲ್ಲಿ ಕರ್ನಾಟಕ ಹೈಕೋರ್ಟು ಹೇಳಿತು. ಪೀಜಿ, ಹಾಸ್ಟೆಲುಗಳು ವಾಸದ ಮನೆಯಲ್ಲ, ಜಿಎಸ್‌ಟಿ ಕಟ್ಟಿ ಎಂದು 2023ರಲ್ಲಿ ರಾಜ್ಯದ ಮುಂಗಡ ತೀರ್ಪು ಪ್ರಾಧಿಕಾರ ಹೇಳಿತು. 2024ರಲ್ಲಿ ಜಿಎಸ್‌ಟಿ ಮಂಡಳಿ ಮಧ್ಯಸ್ಥಿಕೆಗೆ ಬಂದು, ತಲೆಗೆ ತಿಂಗಳಿಗೆ 20,000 ರೂಪಾಯಿ ಮೀರದೆ, ಎಡೆಬಿಡದೆ 90 ದಿನ ಇದ್ದರೆ ತೆರಿಗೆ ಇಲ್ಲ ಎಂದಿತು. ನಮ್ಮ 27,000ವನ್ನು ಅತ್ತೆಗೂ ನನಗೂ ಹಂಚಿದರೆ ತಲೆಗೆ 13,500. ಆ ಮೆಟ್ಟಿಲು ಹತ್ತಿದೆವು. ಎಡವಿದ್ದು ದಿನಗಳಲ್ಲಿ. 45 ದಿನಕ್ಕೆ ಗುಣವಾಗಿ ಊರಿಗೆ ಹೋಗುವವನು ತೆರಿಗೆ ಕಟ್ಟಬೇಕು. ಮೂರು ತಿಂಗಳು ನರಳುವವನಿಗೆ ವಿನಾಯಿತಿ. ಅತ್ತೆಗೆ ಇದನ್ನು ಬಿಡಿಸಿ ಹೇಳಿದೆ. “ತೆರಿಗೇನೇ ಕಟ್ಟಾನ ಬಿಡು” ಅಂದರು.

ಪೂರ್ವಪಕ್ಷಗಳನ್ನೂ ನೋಡದೆ ಬಿಡಲಿಲ್ಲ. ಲಕ್ಕಸಂದ್ರದ ಒಳಬೀದಿಯಲ್ಲಿ ಅಡುಗೆಮನೆ ಇರುವ ಒಂದು ಪುಟ್ಟ ಮನೆ ಸಿಕ್ಕಿತು, ಬಾಡಿಗೆಯೂ ಕಮ್ಮಿ. ಆದರೆ ಹತ್ತು ತಿಂಗಳ ಅಡ್ವಾನ್ಸು, ಹನ್ನೊಂದು ತಿಂಗಳ ಕರಾರು. ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ರಿಜಿಸ್ಟರ್ ಮಾಡಿಸಬೇಕು. ಹನ್ನೊಂದು ಎಂಬ ಸಂಖ್ಯೆ ಪವಿತ್ರವಾದದ್ದು ಹಾಗೆ. ಒಂದೂವರೆ ತಿಂಗಳ ವಾಸಕ್ಕೆ ಹತ್ತು ತಿಂಗಳ ಅಡ್ವಾನ್ಸು ಕೇಳುವ ಓನರನ್ನು ಕಂಡು ನನಗೆ ಸಿಟ್ಟು ಬಂತು. ಅತ್ತೆಗೆ ಮಾತ್ರ, ‘ಕಾಯಿಲೆಯವರಾ? ನಮ್ಮನೇಲಿ ಚಿಕ್ಕಮಕ್ಕಳವೆ’ ಎಂದು ಓನರಮ್ಮ ಎರಡು ಹೆಜ್ಜೆ ಹಿಂದೆ ಸರಿದದ್ದು ಕಾಣಿಸಿತ್ತು. ಪೀಜಿಯವರು ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ ಎಂದರು. ಧರ್ಮಶಾಲೆಯಲ್ಲಿ ಸರದಿ. ಹೀಗೆ ಮೂರು ಮತಗಳು ಖಂಡಿತವಾಗಿ, ಲಿಫ್ಟಿರುವ ನಾಲ್ಕನೆಯದರ ಮುಂದೆ ಬಂದು ನಿಂತೆವು.

‘ಆಸ್ಪತ್ರೆ ಎದುರಿಗೇ’ ಎಂದು ಅದರ ಚೀಟಿ ಸಾರುತ್ತಿತ್ತು. ಎದುರು ಎಂಬುದು ಕಣ್ಣಿನ ಅಳತೆ, ಕಾಲಿನದಲ್ಲ. ಹೊಸೂರು ರಸ್ತೆಯ ಎದುರು ಬದಿ ಎಂದರೆ ಹೊಳೆಯಾಚೆಯ ದಡ, ದೋಣಿ ಇಲ್ಲ. ಪ್ರಯೋಗಕ್ಕೆಂದು ನಾನು ನಡೆದೆ, ಆರು ನಿಮಿಷ. ಅತ್ತೆಯನ್ನು ನಡೆಸಿದೆ: ಎಳನೀರು ಗಾಡಿಯ ಹತ್ತಿರ ಒಮ್ಮೆ, ಬಾಗಿಲು ಹಾಕಿದ ಮೆಡಿಕಲ್ ಸ್ಟೋರಿನ ಮೆಟ್ಟಿಲ ಮೇಲೆ ಒಮ್ಮೆ ಕೂತು, ಇಪ್ಪತ್ತೆರಡು ನಿಮಿಷ. ಅದೂ ಕರೆಂಟು ಶುರುವಾಗುವ ಮುಂಚೆ. ಆಟೋಗೆ ಕನಿಷ್ಠ ದರ 36 ರೂಪಾಯಿ. 33 ದಿನ ಹೋಗಿಬರಲು 2,376 ಆಗುತ್ತದೆಂದು ಲೆಕ್ಕ ಹಾಕಿದೆ. ಲೆಕ್ಕ ಸರಿಯಾಗಿತ್ತು. ಅಷ್ಟು ಹತ್ತಿರಕ್ಕೆ ಬರಲು ಒಪ್ಪುವ ಆಟೋದವರು ಲೆಕ್ಕದಲ್ಲಿ ಇರಲಿಲ್ಲ.

ಕೊಠಡಿಯೊಳಗೆ ಬಿಳಿ ಚಾದರ, ಅದರ ಮೇಲೆ ಟವೆಲಿನಿಂದ ಮಡಿಸಿ ಮಾಡಿದ ಹಂಸ. ಶೈಲಿ ಎಂದರೆ ಇದೇ ಎಂದು ಮ್ಯಾನೇಜರು ಹಂಸದ ಕಡೆ ಕೈ ತೋರಿದರು. ಅತ್ತೆ ಅದರ ಕುತ್ತಿಗೆ ಹಿಡಿದು ಒಮ್ಮೆ ಕೊಡವಿದರು, ಟವೆಲಾಯಿತು. ಕಿಟಕಿ ಸರಳಿಗೆ ಹಾಕಿ ಉದ್ದ ನೋಡಿದರು. ಗೋಡೆಯಲ್ಲಿ ‘ಒಳಗೆ ಅಡುಗೆ ಮಾಡಬಾರದು, ಹೊರಗಿನ ಊಟ ತರಬಾರದು’ ಎಂಬ ಶಾಸನವಿತ್ತು. ಎರಡನ್ನೂ ಪಾಲಿಸಿದರೆ ಉಪವಾಸವೊಂದೇ ಧರ್ಮ. ಗಂಟಲಿಗೆ ಕರೆಂಟು ಕೊಟ್ಟ ಎರಡು ಮೂರು ವಾರಕ್ಕೆ ಬಾಯೆಲ್ಲ ಹುಣ್ಣು, ಸಾರಿನ ಖಾರ ತಾಗಿದರೂ ಕಣ್ಣಲ್ಲಿ ನೀರು. ಆಗ ಇಳಿಯುವುದು ಗಂಜಿ, ಮಜ್ಜಿಗೆ, ಕಲಸಿ ತೆಳ್ಳಗೆ ಮಾಡಿದ ರಾಗಿ. ಮಜ್ಜಿಗೆ ಬಿಟ್ಟರೆ ಇವು ಹೋಟೆಲಿನಲ್ಲಿ ಸಿಗುವುದು ಕಷ್ಟ.

ಮಂಚದ ಪಕ್ಕ, ಶೈಲಿಯ ಅಂಗವಾಗಿ, ಎರಡು ಬಿಳಿ ಕಪ್ಪು ಮತ್ತು ಒಂದು ವಿದ್ಯುತ್ ಕೆಟಲು ಇಟ್ಟಿದ್ದರು. ಅತ್ತೆ ಮುಚ್ಚಳ ತೆಗೆದು ಬೆಳಕಿಗೆ ಹಿಡಿದರು. ಇಲ್ಲಿಂದ ಮುಂದಿನದು ಪುರಾತತ್ತ್ವ. ತಳದಲ್ಲಿ ಒಣಗಿದ ಬಿಳಿ ಪದರ, ಅಕ್ಕಿ ತರಿಯದು. ಅದರ ಮೇಲೆ ಕಂದು ಗೆರೆ, ರಾಗಿ. ಮೂತಿಯ ಒಳಗೆ ಹಾಲು ಉಕ್ಕಿದ ಗುರುತು. ಉತ್ಖನನದಿಂದ ತಿಳಿಯುವುದೇನೆಂದರೆ, ಈ ನೆಲೆಯಲ್ಲಿ ಮೊದಲು ಅಕ್ಕಿಯವರೂ ಆಮೇಲೆ ರಾಗಿಯವರೂ ವಾಸವಾಗಿದ್ದರು, ಯಾರೂ ಶಾಸನಕ್ಕೆ ಬೆಲೆ ಕೊಟ್ಟಿರಲಿಲ್ಲ. ಕೆಟಲಿನಲ್ಲಿ ಗಂಜಿ ಕಾಯಿಸುವುದು ಸುಲಭದ ವಿದ್ಯೆಯಲ್ಲ. ಕುದಿ ಬಂದ ಕೂಡಲೇ ಅದು ಟಕ್ಕೆಂದು ಆರಿಹೋಗುತ್ತದೆ, ಸ್ವಲ್ಪ ಆರಲು ಬಿಟ್ಟು ಮತ್ತೆ ಒತ್ತಬೇಕು, ಮತ್ತೆ ಒತ್ತಬೇಕು, ನಡುವೆ ಚಮಚದ ಹಿಡಿಯಿಂದ ತಿರುವಬೇಕು. ಅತ್ತೆ ಕೆಟಲನ್ನು ಕೆಳಗಿಟ್ಟು, “ಇಲ್ಲಿ ನಮ್ಮೋರೇ ಇದ್ರು ಕಣೋ” ಅಂದರು. ಇಡೀ ಕಟ್ಟಡದಲ್ಲಿ ಅವರಿಗೆ ಮೊದಲು ಹಿಡಿಸಿದ್ದು ಅದು.

ಮಂಚದ ತಲೆಗಿಂಬಿನ ಪಕ್ಕ, ಮಲಗಿದವರಿಗಷ್ಟೇ ಕಾಣುವ ಎತ್ತರದಲ್ಲಿ, ಪೆನ್ಸಿಲಿನ ಗೀಟುಗಳಿದ್ದವು. ನಾಲ್ಕು ನೆಟ್ಟಗೆ, ಐದನೆಯದು ಅಡ್ಡ. ಅಂಥ ಐದು ಕಟ್ಟು, ಆಮೇಲೆ ಬಿಡಿ ಮೂರು. ಲಿಪಿತಜ್ಞನಾಗಿ ನಾನು ಇಪ್ಪತ್ತೆಂಟು ಎಂದು ಓದಿದೆ. ಡಾಕ್ಟರುಗಳು 25 ಬರೆಯುತ್ತಾರೆ, 28 ಬರೆಯುತ್ತಾರೆ, 30, 33, 35 ಎಲ್ಲವನ್ನೂ ಬರೆಯುತ್ತಾರೆ. ಆದಕಾರಣ ಗೀಟು ಅಲ್ಲಿಗೆ ಮುಗಿಯಿತೋ ನಿಂತಿತೋ ಎಂಬುದು ಅಂತಃಸಾಕ್ಷ್ಯದಿಂದ ತಿಳಿಯದು ಎಂದು ವಿವರಿಸಲು ಬಾಯಿ ತೆರೆದೆ. “ಮುಗಿಸ್ಕೊಂಡು ಹೋಗಿರ್ತಾಳೆ” ಅಂದರು ಅತ್ತೆ. ಬರೆದವಳು ಹೆಂಗಸೆಂದು ಹೇಗೆ ತಿಳಿಯಿತೋ, ನಾನು ಕೇಳಲಿಲ್ಲ.

ಇಷ್ಟಾದ ಮೇಲೆ ಉಭಯಪಕ್ಷಗಳ ಗುಣದೋಷಗಳನ್ನು ಡೈರಿಯ ಎರಡು ಪುಟಗಳಲ್ಲಿ ಬರೆದುಕೊಂಡು, ರಿಸೆಪ್ಷನ್ನಿನ ಸೋಫಾದಲ್ಲಿ ಕೂತು ಸಿದ್ಧಾಂತಕ್ಕೆ ಅಣಿಯಾಗುತ್ತಿದ್ದೆ. ಅತ್ತೆ ಕೌಂಟರಿನ ಮೇಲೆ ಮೊಣಕೈ ಊರಿ ಮ್ಯಾನೇಜರನ್ನು ಕೇಳಿದರು: “ರಾತ್ರಿ ಎರಡು ಗಂಟೇಲಿ ಎಚ್ಚುಕಮ್ಮಿ ಆದ್ರೆ ಗೇಟು ತೆಗೆಯೋರು ಯಾರಪ್ಪಾ?”

ನನ್ನ ಎರಡು ಪುಟದಲ್ಲಿ ಈ ಪ್ರಶ್ನೆ ಇರಲಿಲ್ಲ. ಪೀಜಿಯ ಗೇಟಿಗೆ ಹತ್ತೂವರೆಗೆ ಬೀಗ. ಲಕ್ಕಸಂದ್ರದ ಓನರಮ್ಮ ಹಗಲೇ ಎರಡು ಹೆಜ್ಜೆ ಸರಿದವರು. ಮ್ಯಾನೇಜರು ಮಾತಾಡದೆ ಕೌಂಟರಿನ ಕೆಳಗೆ ತೋರಿಸಿದರು. ಬಗ್ಗಿ ನೋಡಿದೆ. ರಟ್ಟಿನ ಮೇಲೆ, ಸೊಳ್ಳೆಬತ್ತಿಯ ಪಕ್ಕ, ಹಗಲು ಹೊತ್ತಿನಲ್ಲೇ ಒಬ್ಬ ಹುಡುಗ ನಿದ್ದೆ ಹೊಡೆಯುತ್ತಿದ್ದ. “ನೈಟೆಲ್ಲ ಇವ್ನೇ ಅಮ್ಮಾ. ಹೋದ ವಾರ ನಾಲ್ಕನೇ ಮಹಡಿ ತಾತನ್ನ ಎತ್ಕೊಂಡೇ ಹೋಗಿದ್ದ ಎಮರ್ಜೆನ್ಸಿಗೆ.” ಅತ್ತೆ ಹುಡುಗನ ಕಾಲು ಕಡೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ದುಡ್ಡು ಕೊಡು ಎಂಬಂತೆ ಗಲ್ಲ ಎತ್ತಿದರು. ಹಂಸದ ವಿಷಯವಾಗಲಿ ಅಧಿಕಮಾಸದ ವಿಷಯವಾಗಲಿ ಮತ್ತೆ ಚರ್ಚೆಗೆ ಬರಲಿಲ್ಲ.

ಮ್ಯಾನೇಜರು ರಿಜಿಸ್ಟರು ನನ್ನತ್ತ ತಿರುಗಿಸಿದರು. ಹೆಸರು, ಊರು, ಆಧಾರ್ ನಂಬರು, ಬಂದ ಉದ್ದೇಶ. ಉದ್ದೇಶದ ಕಾಲಮ್ಮಿನಲ್ಲಿ ಪುಟದ ನೆತ್ತಿಯಲ್ಲಿ ಯಾರೋ ‘ಟ್ರೀಟ್‌ಮೆಂಟ್’ ಎಂದು ಒಮ್ಮೆ ಬರೆದಿದ್ದರು. ಕೆಳಗೆ ಉದ್ದಕ್ಕೂ ಜೋಡಿ ಚುಕ್ಕಿ. ನಾನೂ ಎರಡು ಚುಕ್ಕಿ ಇಟ್ಟೆ. ಕೊನೆಯ ಕಾಲಮ್ಮು: ‘ಇಲ್ಲಿಂದ ಎಲ್ಲಿಗೆ?’ ಪೆನ್ನು ಅಲ್ಲಿ ಒಂದು ಕ್ಷಣ ನಿಂತಿತು.

“ಊರಿಗೆ ಅಂತ ಬರಿ” ಅಂದರು ಅತ್ತೆ. “ಇನ್ನೆಲ್ಲಿಗೆ?”