ಸರ್ಕೊಳ್ಳಿ ಮಾವ

ವರದಹಳ್ಳಿಯ ನಮ್ಮ ಮಾವನಿಗೆ ನಾಮಕರಣದ ದಿನ ಇಟ್ಟ ಹೆಸರೊಂದಿದೆ. ಅದು ರೇಷನ್ ಕಾರ್ಡಿಗೆ ಮಾತ್ರ. ಊರಿಗೆಲ್ಲ ಅವರು ‘ಸರ್ಕೊಳ್ಳಿ ಮಾವ’. ಇಂಥವರೊಬ್ಬರು ನಿಮ್ಮೂರಲ್ಲೂ ಇದ್ದೇ ಇರುತ್ತಾರೆ. ಮದುವೆಮನೆಯಲ್ಲಿ ನಲವತ್ತು ಎಲೆಯ ಪಂಕ್ತಿಗೆ ನಲವತ್ತಾರು ಎಲೆ ಹಾಕಿಸುವವರು ಇವರೇ. ಪಕ್ಕದವರ ಮಂಡಿ ನಮ್ಮ ಕೋಸಂಬರಿಯ ಗಡಿ ದಾಟಿದ್ದರೆ ಅದು ಇವರ ಕೈಚಳಕ. ಶ್ರೀಧರಾಶ್ರಮದಿಂದ ಸಾಗರಕ್ಕೆ ಹೊರಟ ಬಸ್ಸಿನಲ್ಲಿ, ಮೂವರ ಸೀಟಿನ ಮುಂದೆ ನಿಂತು ‘ಸ್ವಲ್ಪ ಸರ್ಕೊಳ್ಳಿ, ಒಬ್ಬರು ಓರೆಯಾಗಿ ಕೂತ್ಕೊಳ್ಳಿ’ ಎಂದು ನಾಲ್ಕನೆಯವರನ್ನು ತುರುಕುತ್ತಾರೆ. ಆ ನಾಲ್ಕನೆಯವರು ಯಾರೆಂದು ಅವರಿಗೆ ಗೊತ್ತಿರಬೇಕೆಂದೇನೂ ಇಲ್ಲ.

ಶಿವಮೊಗ್ಗ–ತಾಳಗುಪ್ಪ ಮೀಟರ್‌ಗೇಜಿನಲ್ಲಿ ರೈಲ್‌ಬಸ್ ಓಡುತ್ತಿದ್ದದ್ದು ಮಾವನ ಸುವರ್ಣಯುಗ. ಹೆಸರಿಗೆ ರೈಲು, ಗಾತ್ರಕ್ಕೆ ಬಸ್ಸು. ತುರುಕಲು ಹೇಳಿ ಮಾಡಿಸಿದ ಗಾಡಿ. ಆಮೇಲೆ 1000 ಮಿಲಿಮೀಟರಿನ ಹಳಿ ಕಿತ್ತು 1676 ಮಿಲಿಮೀಟರಿನ ಬ್ರಾಡ್‌ಗೇಜ್ ಹಾಕಿದರು. ಡಬ್ಬಿ ಅಗಲವಾಯಿತು, ಸೀಟಿಗೆ ನಂಬರು ಬಂತು, ಮಾವ ನಿರುದ್ಯೋಗಿಯಾದರು.

ಹೀಗಿರುವಾಗ ಒಂದು ಸಲ ಜರ್ಮನಿಯಲ್ಲಿರುವ ಮಗ ಒಂದು ಆಟದ ರೈಲು ತಂದ. ‘ಆಟದ್ದಲ್ಲ ಅಪ್ಪಯ್ಯ, ಮಾಡೆಲ್’ ಎಂದು ತಿದ್ದಿದ. ಎಚ್‌ಓ ಅಂತೆ. 87 ಪಾಲಿನಲ್ಲಿ ಒಂದು ಪಾಲು. ಎಚ್‌ಓ ಅಂದರೆ ಜರ್ಮನ್ನರ ಲೆಕ್ಕದಲ್ಲಿ ‘ಅರ್ಧ ಸೊನ್ನೆ’. ಬೆಲೆ ಕೇಳಿದ ಅತ್ತೆ, ‘ಅರ್ಧ ಸೊನ್ನೆಗೇ ಇಷ್ಟಾದ್ರೆ ಪೂರ್ತಿ ಸೊನ್ನೆಗೆ ತೋಟ ಮಾರ್ಬೇಕಾಗಿತ್ತು’ ಎಂದರು.

ರೈಲು ಜಗಲಿಯ ಮೇಜಿನ ಮೇಲೆ ಎರಡು ಸುತ್ತು ಹೊಡೆಯಿತು. ಮಾವ ಕನ್ನಡಕ ಏರಿಸಿ ಕಿಟಕಿಯಲ್ಲಿ ಇಣುಕಿದರು. ‘ಛೇ, ಇಷ್ಟು ದೊಡ್ಡ ಡಬ್ಬಿ! ಒಂದು ನರಪಿಳ್ಳೆಯೂ ಇಲ್ಲ!’ ಖಾಲಿ ಸೀಟು ಕಂಡ ಮೇಲೆ ಅವರಿಗೆ ಊಟ ಸೇರಲಿಲ್ಲ.

ಡಬ್ಬಿಗೆ ಜನರನ್ನು ಕೆತ್ತಿಸಲು ಮರುದಿನವೇ ಸಾಗರದ ಗುಡಿಗಾರರೊಬ್ಬರ ಮುಂದೆ ಹಾಜರು. ಅವರು ನಗುತ್ತ, ‘ಭಟ್ರೇ, ದೇವರಾದ್ರೆ ಎಷ್ಟು ಸಣ್ಣಕ್ಕೂ ಕೂರಿಸಿಕೊಡ್ತೆ. ದೇವರು ಪದ್ಮಾಸನ ಹಾಕ್ತಾನೆ, ಕಾಲಿನ ರಗಳೆ ಇಲ್ಲ. ಕಾಲು ಇಳಿಬಿಟ್ಟು ಕೂರುವ ಮನುಷ್ಯರ ಸಹವಾಸ ಬೇಡ’ ಎಂದರು. ಆ ಮಾತಿನ ಸತ್ಯ ಮಾವನಿಗೆ ಹೊಳೆದದ್ದು ಮಗ ಜರ್ಮನಿಯಿಂದ ಒಂದು ಡಬ್ಬ ‘ಕೂತ ಜನ’ರನ್ನು ಕಳಿಸಿದ ಮೇಲೆ.

ಐದಡಿ ಎಂಟಂಗುಲದ ಆಳು 87ರಲ್ಲಿ ಒಂದಾದರೆ ನಿಂತಾಗ 20 ಮಿಲಿಮೀಟರ್; ಅಂದರೆ ಒಳ್ಳೇ ಗೋಟಡಿಕೆಗಿಂತ ಗಿಡ್ಡ. ಇಷ್ಟು ಸಣ್ಣವರಿಗೆ ಜಾಗ ಸಾಲದೆಂದರೆ ಯಾರು ನಂಬುತ್ತಾರೆ? ಆದರೆ ಸಾಲಲಿಲ್ಲ. ಕೂರಿಸಿ ಮುಚ್ಚಳ ಹಾಕಿದರೆ ತಲೆಗಳು ಮಾಡನ್ನು ಎತ್ತಿ ಹಿಡಿಯುತ್ತಿದ್ದವು. ಎದುರುಬದುರು ಕೂತವರ ಮಂಡಿಗಳು ಡಿಕ್ಕಿ ಹೊಡೆಯುತ್ತಿದ್ದವು. ಮಾವ ನೂಲು ಹಿಡಿದು ಅರಸಾಳಿಗೆ ಹೋದರು. ‘ಮಾಲ್ಗುಡಿ ಡೇಸ್’ ಚಿತ್ರೀಕರಣ ನಡೆದ ಹಳೆ ನಿಲ್ದಾಣ 2020ರಲ್ಲಿ ಮ್ಯೂಸಿಯಂ ಆಗಿದೆಯಲ್ಲ, ಅಲ್ಲಿಯ ಹಳೆ ಡಬ್ಬಿಯಲ್ಲಿ ಚಹಾ ಕುಡಿಯುವ ನೆವದಲ್ಲಿ ಸೀಟು, ಗೋಡೆ, ಮಂಡಿಯ ಸಂದು ಎಲ್ಲ ಅಳೆದು ಬಂದರು. ಗುಟ್ಟು ಗೋಡೆಯಲ್ಲಿತ್ತು. ಮಾಡೆಲಿನ ಪ್ಲಾಸ್ಟಿಕ್ ಗೋಡೆ ಒಂದೇ ಮಿಲಿಮೀಟರ್ ದಪ್ಪವೆಂದರೂ 87ರಿಂದ ಗುಣಿಸಿದರೆ ಸುಮಾರು 9 ಸೆಂಟಿಮೀಟರ್! ಎರಡು ಬದಿಯ ಗೋಡೆಯೇ ಒಂದು ಗೇಣಿನಷ್ಟು ಜಾಗ ನುಂಗಿತ್ತು. ಸಾಲದ್ದಕ್ಕೆ ಚಕ್ರ, ತೂಕದ ತಗಡುಗಳಿಗಾಗಿ ನೆಲವನ್ನೂ ಎತ್ತರಿಸಿದ್ದರು.

‘ಸರ್ಕೊಳ್ಳಿ’ ಎಂದರೆ ಪ್ಲಾಸ್ಟಿಕ್ ಜನ ಸರಿಯುವುದಿಲ್ಲ. ಜೀವಮಾನದಲ್ಲಿ ಮೊದಲ ಸಲ ಮಾವನ ಮಾತು ನಡೆಯಲಿಲ್ಲ. ಮೂರು ದಿನ ಮೌನ. ನಾಲ್ಕನೆಯ ದಿನ ಎಲೆಯಡಿಕೆ ತಟ್ಟೆಯ ಮುಂದೆ ಜ್ಞಾನೋದಯವಾಯಿತು: ಕಿಟಕಿಯಿಂದ ಕಾಣುವುದು ಎದೆಯಿಂದ ಮೇಲೆ; ಕಾಲು ಯಾರಿಗೆ ಬೇಕು? ಅಡಕತ್ತರಿ ಕೈಯಲ್ಲೇ ಇತ್ತು. ಕಟಕ್, ಕಟಕ್. ಕಾಲು ಮಂಡಿಯವರೆಗೆ, ಕೆಲವರದ್ದು ತೊಡೆಯವರೆಗೆ. ಆಮೇಲೆ ಕುಂಡೆಯನ್ನು ಉಪ್ಪುಕಾಗದದಲ್ಲಿ ಉಜ್ಜಿ ಒಂದೊಂದು ಮಿಲಿಮೀಟರ್ ಇಳಿಸಿದರು. ಎಲ್ಲರೂ ಕೂತರು. ಸಂಜೆ ಅತ್ತೆ ಕವಳ ಹಾಕಿಕೊಂಡು, ‘ಈ ಸಲದ ಅಡಿಕೆ ಎಂತ ಹಿಂಗೆ ನಾರು ನಾರು?’ ಎಂದು ಉಗಿದು ನೋಡಿದರೆ ಕಂದು ಪ್ಯಾಂಟಿನ ಜರ್ಮನ್ ಕಾಲು.

ಬಂದವರೆಲ್ಲ ಕೋಟು, ಹ್ಯಾಟಿನವರು. ಅವರನ್ನು ಮಲೆನಾಡಿನವರನ್ನಾಗಿ ಮಾಡಬೇಕಲ್ಲ! ಮೊದಲು ಚೊಗರು ಬಳಿದು ನೋಡಿದರು. ಅಡಿಕೆಗೆ ಹತ್ತಿದ ಬಣ್ಣ ಪ್ಲಾಸ್ಟಿಕ್ಕಿಗೆ ಹತ್ತಲಿಲ್ಲ. ಕೊನೆಗೆ ಮೊಮ್ಮಗಳ ಡ್ರಾಯಿಂಗ್ ಪೆಟ್ಟಿಗೆ ಲೂಟಿಯಾಯಿತು. ಕೋಟು ಶಾಲಾಯಿತು, ಗೌನು ಸೀರೆಯಾಯಿತು, ಹ್ಯಾಟಿನ ಅಂಚು ಕೆತ್ತಿ ಹಾಳೆ ಟೊಪ್ಪಿ ಮಾಡಿದರು. ಫೆವಿಕ್ವಿಕ್ ಹಾಕಿ ಅಂಟಿಸಿ ಮುಚ್ಚಳ ಬಿಗಿದರೆ ಬೆಳಗಾಗುವಾಗ ಕಿಟಕಿಯ ಗಾಜೆಲ್ಲ ಬೆಳ್ಳಗೆ ಮಂಜು! ಆ ಅಂಟಿನ ಆವಿಯ ಗುಣವೇ ಅದು. ನಾನು ಅಯ್ಯೋ ಎಂದೆ. ಮಾವ ಸಮಾಧಾನವಾಗಿ, ‘ಆಷಾಢದಲ್ಲಿ ಆನಂದಪುರ ದಾಟಿದ ಮೇಲೆ ಗಾಜು ಹಿಂಗೇ ಇರ್ತದೆ’ ಎಂದರು.

ಈಗ ಮಾವ ಪುನಃ ಉದ್ಯೋಗಸ್ಥರು. ಕೂರಿಸುವುದರಲ್ಲೂ ಶಾಸ್ತ್ರವಿದೆ. ಪಾಲಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ಬೇರೆ ಬೇರೆ ಡಬ್ಬಿಯಲ್ಲಿ. ವಾಂತಿ ಮಾಡುವ ಚಿಕ್ಕಿಗೆ ಕಿಟಕಿ. ಬೆಂಗಳೂರಿಂದ ವರ್ಷಕ್ಕೊಮ್ಮೆ ಬರುವವರು ಬಾಗಿಲ ಹತ್ತಿರ. ‘ಅವ್ರು ಬಂದ ಕೂಡ್ಲೇ ಹೊರಡೋರು.’ ಸಾಗರ ಜಂಬಗಾರು ಎಂದು ಬೋರ್ಡು ಬರೆದ ಪ್ಲಾಟ್‌ಫಾರ್ಮಿನಲ್ಲಿ ಕೈಯೆತ್ತಿದ ಗೊಂಬೆಯೊಂದಿದೆ. ಹುಟ್ಟಿನಿಂದ ಜರ್ಮನ್ ಸ್ಟೇಷನ್ ಮಾಸ್ಟರು. ಈಗ ಪಂಚೆ ಉಟ್ಟು ‘ಸರ್ಕೊಳ್ಳಿ’ ಎನ್ನುತ್ತಿರುವ ಮಾವ.

ನನಗೂ ಆಸೆಯಾಯಿತು. ‘ನಾನೆಲ್ಲಿ ಮಾವ?’

ಮಾವ ಕೊನೆಯ ಡಬ್ಬಿಯ ಬಾಗಿಲು ತೋರಿಸಿದರು. ಕಂಬಿ ಹಿಡಿದು ನಿಂತ ಒಬ್ಬ, ಎರಡೂ ಕಾಲು ಇರುವ ಏಕೈಕ ಪ್ರಯಾಣಿಕ.

‘ನಿನ್ನ ಕಾಲು ಕತ್ತರಿಸೋದಕ್ಕೆ ಮನಸ್ಸು ಬರ್ಲಿಲ್ಲ ಮಾಣಿ. ತಾಳಗುಪ್ಪ ಎಂತ ದೂರ, ನಿಂತ್ಕೊಂಡೇ ಬಾ. ದಾರೀಲಿ ಯಾರಾದ್ರೂ ಇಳೀತಾರೆ.’