ನಿಶ್ಶಬ್ದಕ್ಕೆ ಎಷ್ಟು ರೇಟು?

ಬಳ್ಳಾರಿಯ ಬಿಸಿಲೂ ಹಾರನ್ನೂ ಸಾಕಾಗಿ, ಕುರುಗೋಡು ಕಡೆಯ ಹಳ್ಳಿಯಲ್ಲಿ ಮಣ್ಣಿನ ಮಾಳಿಗೆ ಮನೆ ನೋಡಲು ಹೋದೆ. ಗೋಡೆ ದಪ್ಪ, ಒಳಗೆ ತಂಪೋ ತಂಪು. ‘ಇದರಾಗ ಬಿಸಿಲೂ ಬರಂಗಿಲ್ರೀ, ನೆಟ್‌ವರ್ಕೂ ಬರಂಗಿಲ್ರೀ’ ಎಂದ ದಲ್ಲಾಳಿ. ‘ಗದ್ದಲ?’ ಎಂದೆ. ‘ಏನೂ ಇಲ್ರೀ’ ಎನ್ನುವಷ್ಟರಲ್ಲಿ ಗುಡಿಯ ಮೈಕು ಶುರುವಾಯಿತು.

ಸಿರುಗುಪ್ಪ ಕಡೆ ಹೋದರೆ ತುಂಗಭದ್ರೆಯ ನೀರುಂಡ ಭತ್ತದ ಗದ್ದೆ. ರಾತ್ರಿಯಿಡೀ ಕಪ್ಪೆಗಳ ಕಚೇರಿ, ಸೊಳ್ಳೆಗಳ ತಂಬೂರಿ. ಮನೆಗೆ ಮುಂಗಡ ಕೊಡುವ ಮೊದಲೇ ಓಣಿಯ ಅಜ್ಜಿ ಕೇಳಿದಳು: ‘ಎಷ್ಟಕ್ಕ ತಗೊಂಡ್ಯೋ ತಮ್ಮಾ? ಮದುವಿ ಆಗೈತಿಲ್ಲೋ?’

ಆ ಸೀಮೆಯಲ್ಲಿ ನಿಜಕ್ಕೂ ಸುಮ್ಮನೆ ಕೂತವನು ಒಬ್ಬನೇ: ಕುರುಗೋಡಿನ ಗುಡಿಯ ಕಲ್ಲಿನ ನಂದಿ, ದೊಡ್ಡ ಬಸವಣ್ಣ. ಹಳ್ಳಿ ಮನೆ ಕೊಳ್ಳುವವರೇ, ಶಾಂತಿ ಆಮೇಲೆ ಹುಡುಕಿ. ಮೊದಲು ಪಂಚಾಯ್ತಿಯಲ್ಲಿ ಮನೆಯ ಇ-ಸ್ವತ್ತು ದಾಖಲೆ ಕೇಳಿ ನೋಡಿ.