ಕಂಪನಹಿಡಿ ಮೀಮಾಂಸೆ: ಪಾವಗಡ ಸೀಮೆಗೆ ಅನ್ವಯಿಸಿ

ಶಾಸ್ತ್ರಗ್ರಂಥಕ್ಕೆ ನಾಲ್ಕು ಅನುಬಂಧಗಳಿರಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ: ಎಲೆಕ್ಟ್ರಿಕ್ ಗಿಟಾರಿನ ಬುಡಕ್ಕೆ ಕೂರಿಸುವ, ಸ್ವರ ನಡುಗಿಸುವ ಹಿಡಿಯುಳ್ಳ ವೈಬ್ರಾಟೊ ಟೇಲ್‌ಪೀಸ್. ಅಧಿಕಾರಿ: ಜಾತ್ರೆಯ ಆರ್ಕೆಸ್ಟ್ರಾದಲ್ಲಿ ಎರಡನೇ ಹಾಡಿಗೇ ಶ್ರುತಿ ಕಳೆದುಕೊಂಡ ಗಿಟಾರಿಸ್ಟ್. ಸಂಬಂಧ: ಹಿಡಿ ಒತ್ತಿದರೆ ಸ್ವರ ಇಳಿಯುತ್ತದೆ, ಬಿಟ್ಟರೆ ಮರಳಬೇಕು, ಮರಳುವುದಿಲ್ಲ. ಪ್ರಯೋಜನ: ಮರ್ಯಾದೆ ಉಳಿಯುವುದು.

ಆಚಾರ್ಯಪ್ರಕರಣ

ಡಾಕ್ ಕಾಫ್‌ಮನ್ನರ ವೈಬ್ರೋಲಾ ಎಂಬ ಹಳೆಯ ಕಂಪನಹಿಡಿ ಶ್ರುತಿಯಲ್ಲಿ ನಿಲ್ಲುತ್ತಿರಲಿಲ್ಲ. ಗಿಟಾರಿಸ್ಟ್ ಮರ್ಲ್ ಟ್ರಾವಿಸ್ ಅದನ್ನು ರಿಪೇರಿಗೆಂದು ಕೊಟ್ಟದ್ದು ಕ್ಯಾಲಿಫೋರ್ನಿಯಾದ ಪಾಲ್ ಬಿಗ್ಸ್‌ಬಿಗೆ. ಆತ ರಿಪೇರಿಯ ಗೋಜಿಗೆ ಹೋಗದೆ ಹೊಸದನ್ನೇ ಮಾಡಿದ. 1950ರ ದಶಕದ ಆರಂಭದ ಆ ವಿನ್ಯಾಸ ಇಂದಿಗೂ ಪ್ರಮಾಣ. ಬಿಗ್ಸ್‌ಬಿ ಮೂಲತಃ ಮೋಟಾರ್‌ಸೈಕಲ್ ಕಸುಬಿನವ. ಆದ್ದರಿಂದ ಈ ಶಾಸ್ತ್ರದಲ್ಲಿ ಸಂಗೀತ ವಿದ್ವಾಂಸರಿಗಿಂತ ಬಸ್‌ಸ್ಟ್ಯಾಂಡ್ ಪಕ್ಕದ ಗ್ಯಾರೇಜಿನವನ ಮಾತಿಗೇ ಹೆಚ್ಚು ತೂಕ.

ಪ್ರತಿಷ್ಠಾಪ್ರಕರಣ

ಸ್ಕ್ರೂ ಹಾಕುವ ಮುನ್ನ ಒಂದನೇ ಮತ್ತು ಆರನೇ ತಂತಿ ಕಟ್ಟಿ, ಎರಡೂ ಕುತ್ತಿಗೆಯ ಅಂಚಿನಿಂದ ಸಮದೂರದಲ್ಲಿವೆಯೇ ನೋಡತಕ್ಕದ್ದು. ತೂತು ಕೊರೆದ ಮೇಲೆ ನೋಡುವುದಕ್ಕೆ ಪಶ್ಚಾತ್ತಾಪವೆಂದು ಹೆಸರು. ಒಳಗಿನ ಅರ್ತ್ ವೈರು ಟೇಲ್‌ಪೀಸಿನ ಲೋಹಕ್ಕೆ ತಾಗಿರಲಿ. ಇಲ್ಲವಾದರೆ ಆಂಪ್ಲಿಫೈಯರ್ ಗುಂಯ್‌ಗುಡುತ್ತದೆ. ಆ ಗುಂಯ್ ತಿರುಮಣಿ ಕಡೆಯ 2,050 ಮೆಗಾವಾಟ್ ಸೋಲಾರ್ ಪಾರ್ಕಿನಿಂದ ಬರುತ್ತದೆಂಬ ಮತವನ್ನು ಇಲ್ಲಿಯೇ ಖಂಡಿಸಲಾಗಿದೆ. ತಂತಿ ಬದಲಿಸುವಾಗ ಆರನ್ನೂ ಒಟ್ಟಿಗೆ ಬಿಚ್ಚಬಾರದು. ಬಿಚ್ಚಿದರೆ ಹಿಡಿಯ ಕೆಳಗಿನ ಸ್ಪ್ರಿಂಗ್ ಜಾರಿ ಮಂಚದಡಿ ಸೇರುತ್ತದೆ. ಒಂದು ತಂತಿ ಕಡಿದರೆ ಉಳಿದ ಐದರ ಸ್ವರ ಏರುವುದು ಲಕ್ಷಣವೇ ಹೊರತು ದೋಷವಲ್ಲ: ಒಟ್ಟು ಕುಟುಂಬದಿಂದ ಒಬ್ಬ ತಮ್ಮ ಪಾಲು ತೆಗೆದುಕೊಂಡು ಹೊರಟಾಗ ಉಳಿದವರ ದನಿ ಏರುವುದಿಲ್ಲವೇ, ಹಾಗೆ.

ಪೂರ್ವಪಕ್ಷ

ಶ್ರುತಿ ಏಕೆ ಮರಳದು? ಶನಿವಾದಿಗಳು ಹೇಳುವುದು: ಪಾವಗಡ ಊರಲ್ಲೇ ಶನಿಮಹಾತ್ಮನ ದೇವಸ್ಥಾನವಿರುವಾಗ ಬೇರೆ ಕಾರಣ ಹುಡುಕುವುದು ಅಧಿಕಪ್ರಸಂಗ, ಎಳ್ಳೆಣ್ಣೆ ಬಿಡಿ. ಉತ್ತರ: ಎಳ್ಳೆಣ್ಣೆ ಸಲ್ಲುವುದು ಸ್ವಾಮಿಯ ದೀಪಕ್ಕೆ. ಟೇಲ್‌ಪೀಸಿನ ಬೇರಿಂಗಿಗೆ ಬಿದ್ದರೆ ಸೀಮೆಯ ಧೂಳನ್ನೆಲ್ಲ ಕರೆದು ಅಂಟಿಸಿಕೊಳ್ಳುತ್ತದೆ. ಅಲ್ಲಿಗೆ ಹೊಲಿಗೆ ಮಷಿನ್ ಎಣ್ಣೆ ಒಂದು ತೊಟ್ಟು ಸಾಕು. ಬಿಸಿಲುವಾದಿಗಳು: ತಂತಿ ಕಾದು ಹಿಗ್ಗುತ್ತದೆ. ಹಿಗ್ಗುವುದೂ ನಿಜ, ಸ್ವರ ಇಳಿಯುವುದೂ ನಿಜ. ಆದರೆ ರಾತ್ರಿ ಹತ್ತರ ಕಾರ್ಯಕ್ರಮಕ್ಕೆ ಈ ವಾದ ನಿಲ್ಲದು. ಗಡಿವಾದಿಗಳು: ಮೂರು ಕಡೆ ಆಂಧ್ರವಿರುವುದರಿಂದ ತಂತಿಯೂ ಅತ್ತಲೇ ವಾಲುತ್ತದೆ. ಇದು ಸರ್ವೆ ಇಲಾಖೆಗೆ ಸೇರಿದ ವಿಷಯ.

ಸಿದ್ಧಾಂತ

ದೋಷವಿರುವುದು ಹಿಡಿಯ ಬಳಿಯಲ್ಲ, ಗಿಟಾರಿನ ಇನ್ನೊಂದು ತುದಿಯಲ್ಲಿ. ತಲೆಯ ಬುಡದಲ್ಲಿರುವ ನಟ್ ಎಂಬ ಸಣ್ಣ ಪಟ್ಟಿಯ ಗೀರಿನಲ್ಲಿ ತಂತಿ ಕಚ್ಚಿಕೊಳ್ಳುತ್ತದೆ. ಹಿಡಿ ಬಿಟ್ಟರೂ ಪೂರ್ತಿ ಜಾರಿ ಬಾರದು. ಬಿರಡೆ ತಿರುಗಿಸುವಾಗ ‘ಟಿಣ್’ ಎಂದು ಸ್ವರ ಜಿಗಿದರೆ ಅದೇ ಸಾಕ್ಷಿ. ತಂತಿಯನ್ನು ಸಡಿಲಿಸಿ ಬದಿಗೆ ಸರಿಸಿ, ಗೀರಿನೊಳಗೆ ಪೆನ್ಸಿಲ್ ಮೊನೆ ಉಜ್ಜಿ, ಹೊಸ ತಂತಿಯಾದರೆ ಕೈಯಿಂದ ನಾಲ್ಕಾರು ಸಲ ಎಳೆದು ಮತ್ತೆ ಶ್ರುತಿ ಮಾಡತಕ್ಕದ್ದು. ಅಮೆರಿಕದ ಲೋಹಕ್ಕೆ ದುಡ್ಡು ಸುರಿದವನಿಗೂ ಕೊನೆಗೆ ಮಗಳ ಕಂಪಾಸ್ ಬಾಕ್ಸೇ ಗತಿ.

ಫಲಶ್ರುತಿ

ಇದನ್ನು ಶನಿವಾರ ಪಠಿಸಿ ಹೇಳಿದಂತೆ ನಡೆದವನ ತಂತಿಗಳು ತಮ್ಮ ತಮ್ಮ ಜಾಗಕ್ಕೆ ಮರಳುತ್ತವೆ. ಆಮೇಲೂ ಅಪಸ್ವರ ಕೇಳಿಬಂದರೆ ಶನಿ, ಬಿಸಿಲು, ಆಂಧ್ರ ಮೂರನ್ನೂ ಖುಲಾಸೆ ಮಾಡಿ, ನುಡಿಸುವವನನ್ನೇ ವಿಚಾರಣೆಗೆ ಕರೆಯತಕ್ಕದ್ದು.